ಆಚೆ ಮೂರು ಬೆರಳು, ಈಚೆ ಮೂರು

ಕ್ಲಸ್ಟರ್ ಕಚೇರಿಯ ನಮೂನೆಯಲ್ಲಿ ಒಂದು ಚೌಕ:
‘ಹೊರಸಂಚಾರದ ಉದ್ದೇಶ’.
ಬರೆದಿದ್ದೆ: ಆಗಸ್ಟ್ ಹದಿನೆಂಟು,
ನೆರಳು ಕಾಣೆಯಾಗುವುದನ್ನು ಕಾಣಲು.
ಓದಿದವರು ನಕ್ಕರಂತೆ. ಸಹಿಯನ್ನೂ ಹಾಕಿದರಂತೆ.

ದುದ್ದದಿಂದ ಒಳಗೆ ನಮ್ಮ ಶಾಲೆ, ಇಪ್ಪತ್ತೊಂದು ಮಕ್ಕಳು,
ಹಿಂದೆ ಆಲೂಗೆಡ್ಡೆ ಹೊಲ, ಅದರಾಚೆ
ಮಗುಚಿಟ್ಟ ಬಾಣಲೆಯಂಥ ಬೋಳು ಬಂಡೆ.
ಅಷ್ಟೇ ದೂರ ನಮ್ಮ ಪ್ರವಾಸ.
ಬಸ್ಸಿಲ್ಲ ಎಂದು ಗೊತ್ತಿದ್ದೂ ಧರಣೇಶ
ನಿಂಬೆಹಣ್ಣು ತಂದಿದ್ದ, ವಾಂತಿ ಬಂದರೆ ಇರಲಿ ಅಂತ.
ದಾರಿಯುದ್ದಕ್ಕೂ ಮೂಸಿದ.

ಪೇಂಟಿನ ಡಬ್ಬಕ್ಕೆ ಮರಳು, ಮರಳಿಗೆ ಒಂದು ಮೀಟರ್ ಪೈಪು.
ನೆಟ್ಟಗಿದೆ, ಇಲ್ಲ, ವಾಲಿದೆ, ನಿನ್ನ ಕಣ್ಣೇ ವಾಲಿದೆ.
ಗಾರೆ ಗಫೂರ್ ಸಾಬರ ಮಗಳು ನಾಜ್ನೀನ್
ಪುಸ್ತಕದ ಚೀಲದಿಂದ ಅಪ್ಪನ ರಸಮಟ್ಟ ತೆಗೆದಳು,
ಕೇಳದೆ ತಂದದ್ದು, ಸಂಜೆಯೊಳಗೆ ಗೂಡು ಸೇರಬೇಕಾದದ್ದು.
ಹಸಿರು ನೀರಿನಲ್ಲಿ ಗುಳ್ಳೆ ಅತ್ತ ಹೋಯಿತು, ಇತ್ತ ಬಂತು,
ಇಪ್ಪತ್ತೊಂದು ಉಸಿರು ಕಟ್ಟಿದ ಮೇಲೆ
ನಡುವೆ ನಿಂತಿತು.

ಹನ್ನೊಂದಕ್ಕೆ ನೆರಳು ಎರಡು ಗೇಣಿಗೆ ಚೂರು ಕಡಿಮೆ.
ಹನ್ನೆರಡಕ್ಕೆ ಅರ್ಧ ಗೇಣು.
ತುದಿ ಮುಟ್ಟಿದಲ್ಲೆಲ್ಲ ಸೀಮೆಸುಣ್ಣದ ಗೀಟು, ಪಕ್ಕದಲ್ಲಿ ಹೊತ್ತು.
ಗೆಡ್ಡೆ ಆಯುತ್ತಿದ್ದ ಸಣ್ಣಮ್ಮಜ್ಜಿ ಸೊಂಟ ನೀವಿಕೊಂಡು ನಿಂತಳು:
‘ಹೊತ್ತು ನೆತ್ತಿಗೆ ಬಂತು ಅನ್ನಾಕೆ ಕೋಲು ಬೇಕೇನವ್ವ?
ನನ್ನ ನೆರಳ ನಾನೇ ತುಳಿದ್ರೆ ಉಣ್ಣೋ ಹೊತ್ತು.’
ಅದೂ ಸರಿಯೇ ಅನ್ನಿಸಿತು.

ಹನ್ನೆರಡೂ ಕಾಲಿಗೆ ಮೂರು ಬೆರಳು.
ಮೂರೇ ಬೆರಳು!
ಕಿರುಚಾಟ, ನೂಕಾಟ, ‘ನೆರಳು ಬೀಳ್ಸಬೇಡ ಕಣೋ ನೆರಳಿನ ಮೇಲೆ’,
ಆಮೇಲೆ ಸಕಲೇಶಪುರದ ಕಡೆಯಿಂದ
ಒಂದು ಮೋಡ, ಯಾರ ಅನುಮತಿಯೂ ಇಲ್ಲದೆ.

ಬಂಡೆ ತಣ್ಣಗಾಯಿತು. ಪೈಪು ಬರೀ ಪೈಪಾಯಿತು.
ಇಪ್ಪತ್ತು. ಇಪ್ಪತ್ತೈದು. ಮೂವತ್ತು.
ನಾನು ಗಡಿಯಾರ ನೋಡಿದೆ, ಮಕ್ಕಳು ನನ್ನ ಮುಖ ನೋಡಿದರು,
ಮೋಡವನ್ನು ನಾನೇ ಬರಲು ಹೇಳಿದಂತೆ.
‘ಈಗ ನೆರಳಿಲ್ಲವಲ್ಲ, ಆಯ್ತಲ್ಲ ಮಿಸ್’ ಎಂದ ಧರಣೇಶ,
ನನ್ನ ಮೇಲಿನ ಕನಿಕರಕ್ಕೆ.

ಆಗ ಬಿಂದುಶ್ರೀ.
ಹಾಜರಿಗೂ ಬಾಯಿ ಬಿಡದೆ ಕೈ ಮಾತ್ರ ಎತ್ತುವವಳು.
‘ಮೋಡಕ್ಕೂ ನೆರಳಿಲ್ಲ, ನೆತ್ತಿ ಮೇಲೆ ಬಂದ್ರೂ ನೆರಳಿಲ್ಲ.
ಇದು ಯಾವ ಇಲ್ಲ ಮಿಸ್?’

ಯಾವ ಇಲ್ಲ!
ಹದಿನಾರು ವರ್ಷ ಪಾಠ ಮಾಡಿದ್ದೇನೆ,
ಒಂದು ‘ಇಲ್ಲ’ದಿಂದ ಇನ್ನೊಂದನ್ನು ಬಿಡಿಸುವ ಪಾಠ
ನನಗೂ ಆಗಿರಲಿಲ್ಲ.
‘ಗೊತ್ತಿಲ್ಲ, ಕಾಯೋಣ’ ಎಂದೆ. ಅದು ಮೂರನೆಯ ಇಲ್ಲ.

ನಲವತ್ತನಾಲ್ಕಕ್ಕೆ ಮೋಡ ಹರಿಯಿತು.
ನೆರಳಿತ್ತು. ಆದರೆ ಅಲ್ಲಿರಲಿಲ್ಲ.
ಬೆಳಗಿನಿಂದ ಬೇಲೂರಿನ ಕಡೆಗೆ ಬೆರಳು ಮಾಡಿದ್ದು
ಈಗ ಹೊಳೆನರಸೀಪುರದ ದಿಕ್ಕಿಗೆ ಮಲಗಿತ್ತು,
ಅಳೆದರೆ ಅಷ್ಟೇ, ಮೂರು ಬೆರಳು.
ಯಾರೂ ಕಿರುಚಲಿಲ್ಲ.
ಬಿಂದುಶ್ರೀ ಮಂಡಿಯೂರಿ ಎರಡು ಗೀಟಿಗೂ ಕೈ ಇಟ್ಟಳು,
ಆಚೆಯಿಂದ ಈಚೆಗೆ ಬರಬೇಕಾದರೆ
ನಡುವೆ ಪೈಪಿನ ಕಾಲಡಿ ತೂರಿಯೇ ಬಂದಿರಬೇಕು,
ನಾವು ನೋಡದಾಗ, ಮೋಡದ ಮರೆಯಲ್ಲಿ.
ಯಾವಾಗ?
ನಾಜ್ನೀನ್ ಬೆರಳಿನ ಗೆಣ್ಣು ಎಣಿಸಿದಳು, ಮರೆತಳು, ಮತ್ತೆ ಎಣಿಸಿದಳು:
ಹನ್ನೆರಡು ಇಪ್ಪತ್ತೊಂಬತ್ತೂವರೆ.
ಅರ್ಧವನ್ನೂ ಬಿಡಲಿಲ್ಲ.

ಬಿಸಿಯೂಟಕ್ಕೆ ಇಳಿಯುವಾಗ ಅಜ್ಜಿ ಕೇಳಿದಳು: ‘ಸಿಕ್ತಾ?’
‘ಸಿಕ್ತು ಅಜ್ಜಿ, ಕಾಣ್ಲಿಲ್ಲ.’
ಅಜ್ಜಿ ಮಡಿಲಿನಿಂದ ಎರಡು ಗೆಡ್ಡೆ ಕೊಟ್ಟಳು, ಸಾರಿಗೆ ಹಾಕಿ ಅಂತ.

ನಮೂನೆಯ ಕೊನೆಯ ಚೌಕ, ‘ಕಲಿಕಾ ಫಲ’,
ಇನ್ನೂ ಖಾಲಿ ಇದೆ. ಇದು ಯಾವ ಖಾಲಿ ಎಂದು ಕೇಳಿದರೆ ಹೇಳುತ್ತೇನೆ.

ಸಂಜೆ ನಾಲ್ಕೂವರೆಗೆ ಗಂಟೆ ಹೊಡೆದದ್ದೇ
ನಾಜ್ನೀನ್ ಲಂಗದಲ್ಲಿ ರಸಮಟ್ಟದ ಸುಣ್ಣ ಒರೆಸಿ
ಅಪ್ಪ ಬರುವ ಮುಂಚೆ ಗೂಡಿಗಿಡಲು ಓಡಿದಳು,
ಈಗ ಉದ್ದವಾಗಿದ್ದ ತನ್ನ ನೆರಳನ್ನು ಅಟ್ಟಿಕೊಂಡು.
ಚೀಲದೊಳಗೆ ಆ ಗುಳ್ಳೆ
ಎಲ್ಲೆಲ್ಲಿ ಹೋಗಿ ಬರುತ್ತಿತ್ತೋ.