ಮೊಳೆಗಳ ಮನೆ

ಬಜಾರ್‌ಗೇಟ್ ಗಲ್ಲಿಯ ಪೋಟ್‌ಮಾಳಾದಲ್ಲಿ
ತಲೆ ತಗ್ಗಿಸಿಯೇ ಓಡಾಡಬೇಕಾದ ನಮ್ಮ ಪ್ರೆಸ್ಸಿಗೆ
ತೌಸೀಫ್ ಬಂದ, ಬೆನ್ನಿಗೊಂದು ಚೀಲ, ಕಿವಿಗೊಂದು ಪೆನ್ಸಿಲ್.
ಬಂದವನೇ ಕೇಳಿದ: ಇದರಲ್ಲಿ ಏನೇನು ಉಳಿಯಬೇಕು?

ಎಲ್ಲ, ಅಂದೆ.
ಎಲ್ಲ ಅಂದರೆ ಎಷ್ಟು ಜೀಬಿ?

ಎಷ್ಟಂತ ಹೇಳಲಿ.
ಹದಿನೇಳು ವರ್ಷದ ಮದುವೆ ಕರೆಯೋಲೆ,
ಆಗಮನಾಭಿಲಾಷಿಗಳ ಸಾಲಲ್ಲಿ
ಅಜ್ಜ ತೀರಿಕೊಂಡು ದೊಡ್ಡಪ್ಪ ಮೇಲೇರಿದ್ದು,
ರಾತ್ರಿಶಾಲೆಯ ಪ್ರಶ್ನೆಪತ್ರಿಕೆ, ಶನಿಪೂಜೆಯ ರಸೀದಿ,
ಯಾರಯಾರದೋ ಉತ್ತರಕ್ರಿಯೆ,
ದುಡ್ಡು ಕೊಡದೆ ಹೋದವರದೇ ಒಂದು ಬೇರೆ ಫೋಲ್ಡರು.

ಮೂರು ಕಡೆ ನಕಲು ಮಾಡಿದ.
ಲ್ಯಾಮಿಂಗ್ಟನ್ ರೋಡಿಂದ ತಂದ ಡಿಸ್ಕಿಗೊಂದು,
ತನ್ನದೇ ಲ್ಯಾಪ್‌ಟಾಪಿಗೊಂದು,
ಪೆನ್‌ಡ್ರೈವಿಗೊಂದು. ಅದನ್ನು ನಾನು
ಊಟದ ಡಬ್ಬಿಯಲ್ಲಿ ಉಪ್ಪಿನಕಾಯಿಯ ಖಾನೆ ಒರೆಸಿ ಇಟ್ಟುಕೊಂಡೆ.
ಅಷ್ಟಕ್ಕೇ ಬಿಡಲಿಲ್ಲ.
ತೆರೆದು ನೋಡಿ, ಅಂದ,
ಇದೆ ಅನ್ನೋದು ಬೇರೆ, ತೆರೆಯುತ್ತೆ ಅನ್ನೋದು ಬೇರೆ.

ತೆರೆದೆ. ಅವನ ಲ್ಯಾಪ್‌ಟಾಪಿನಲ್ಲಿ
ಚಿರಂಜೀವಿ ಸೌಭಾಗ್ಯವತಿ ಇರಬೇಕಾದಲ್ಲಿ
ಟೋಪಿ ಹಾಕಿದ ಎ, ಬಾಲ ಬಿಟ್ಟ ಸಿ,
ಒಂದು ಪೌಂಡಿನ ಗುರುತು.
ಎದೆ ಧಸಕ್ಕೆಂದಿತು.

ಫಾಂಟು, ಅಂದೆ ಆಮೇಲೆ ನಾನೇ.
ನಮ್ಮ ಹಳೇ ಫಾಂಟಿಗೆ ಕನ್ನಡ ಬರುವುದಿಲ್ಲ,
ಇಂಗ್ಲಿಷ್ ಅಕ್ಷರದ ಮುಖಕ್ಕೆ ಬಣ್ಣ ಬಳಿದು
ಕನ್ನಡದ ವೇಷ ಕಟ್ಟಿಸುತ್ತದೆ.
ಬಣ್ಣದ ಪೆಟ್ಟಿಗೆ ಮರೆತು ಹೋದರೆ
ಆಟವಿಲ್ಲ.
ಆ ಪುಟ್ಟ ಫೈಲನ್ನೂ ಮೂರು ಕಡೆ ಇಟ್ಟೆವು.

ಯಾವುದನ್ನೂ ಅಳಿಸದೆ ಅಡಿಯಿಂದ ಹೊಸದು ಹಾಕುವುದಂತೆ,
ಬಾಡಿಗೆದಾರರನ್ನು ಎಬ್ಬಿಸದೆ ಪಾಯ ಬದಲಿಸಿದ ಹಾಗೆ.
ಈ ಊರಲ್ಲಿ ಅಂಥದ್ದು ನಾನು ಕಂಡಿಲ್ಲ.
ಇಲ್ಲಿ ರಿಪೇರಿ ಅಂದರೆ ಟ್ರಾನ್ಸಿಟ್ ಕ್ಯಾಂಪು,
ಅಲ್ಲಿಂದ ಮರಳಿದವರ ಗೃಹಪ್ರವೇಶಕ್ಕೆ
ನಾನು ಅಚ್ಚು ಹಾಕಿದ್ದು ಎರಡೇ ಕಾರ್ಡು.

ಮೂವತ್ತೆರಡು ಪರ್ಸೆಂಟಿಗೆ ನಿಂತಿತು.
ಅರ್ಧ ಗಂಟೆ.
ಯುಪಿಎಸ್ಸಿಗೆ ಭಾರವೆಂದು ಫ್ಯಾನು ಆರಿಸಿದೆವು.
ಮುಟ್ಟಬೇಡಿ, ಅಂದ, ಕೆಡೋದು ಮುಟ್ಟಿದರೇನೇ.
ಕೆಳಗೆ ಕೈಗಾಡಿಯಿಂದ ಕಾಗದದ ರೀಮು ಇಳಿಯುತ್ತಿತ್ತು, ಧಪ್, ಧಪ್.
ಬೆವರುತ್ತ ಎರಡೆರಡು ಕಟಿಂಗ್ ಕುಡಿದೆವು.

ಸಂಜೆ ಐದೂವರೆಗೆ ಎದ್ದಿತು.
ಎಣಿಸಿದೆ. ಎಲ್ಲ ಇತ್ತು.
ಸಾಲಗಾರರೂ ಇದ್ದರು.
ಮತ್ತೆ ಮುಖ ಯಾಕೆ ಹಾಗೆ? ತೌಸೀಫ್ ಕೇಳಿದ.

ಹೇಗೆ ಹೇಳುವುದು.
ಪರದೆಯ ತುಂಬ ಇದ್ದ ಫೋಲ್ಡರುಗಳು
ಎಡಗಡೆ ರೇಶನ್ ಕ್ಯೂನಂತೆ ನಿಂತಿದ್ದವು,
ಎಬಿಸಿಡಿ ಹಿಡಿದು.

ಕೊರಗಪ್ಪಣ್ಣ ಅವನ್ನು ಹಾಗೆ ಇಟ್ಟಿರಲಿಲ್ಲ.
ಇಪ್ಪತ್ತಾರು ವರ್ಷ ಕೈಯಲ್ಲಿ ಮೊಳೆ ಜೋಡಿಸಿದವರು.
ಅಚ್ಚಿನ ಕೇಸಿನಲ್ಲಿ ಹೆಚ್ಚು ಬೇಕಾದ ಅಕ್ಷರ ಎದೆಯ ಹತ್ತಿರ,
ಅಪರೂಪದ್ದು ದೂರ,
ಋಕಾರಕ್ಕೆ ಮೂಲೆಯಲ್ಲೊಂದು ಚಿಕ್ಕ ಮನೆ.
ಟ್ರೆಡಲ್ ಮಾರಿ ಕಂಪ್ಯೂಟರ್ ತಂದಾಗ
ಪರದೆಯನ್ನೂ ಹಾಗೇ ಹಂಚಿದ್ದರು.
ಮದುವೆ ನಟ್ಟನಡುವೆ, ನಾಮಕರಣ ಪಕ್ಕಕ್ಕೆ,
ಸಾವು ಬಲಗಡೆ ಮೇಲೆ, ಕೈ ಎತ್ತಿದರಷ್ಟೇ ಎಟಕುವಂತೆ.
ಅವರ ಕಾರ್ಡನ್ನೂ ನಾನು ಅಲ್ಲೇ ಇಟ್ಟದ್ದು.

ಆ ಹಂಚಿಕೆ ಯಾವ ಫೈಲಿನಲ್ಲೂ ಇರಲಿಲ್ಲ,
ಉಪ್ಪಿನಕಾಯಿಯ ಖಾನೆಯಲ್ಲೂ.

ತೌಸೀಫ್ ಹೋದ, ಎಂಟುನೂರು, ಚಹಾದ ಲೆಕ್ಕ ಬಿಟ್ಟು.
ಪರದೆ ನೋಡಿದರೆ ಏನೂ ನೆನಪಾಗಲೊಲ್ಲದು.
ಕಣ್ಣನ್ನು ಕಿಟಕಿಯಾಚೆ ಕಳಿಸಿ, ಮೌಸ್ ಹಿಡಿದು,
ಅವಸರದ ಒಂದು ಸಾವಿನ ಕಾರ್ಡು ಬೇಕು
ಅಂದುಕೊಂಡೆ.
ಕೈ ತಾನೇ ಬಲಕ್ಕೆ, ಮೇಲಕ್ಕೆ ಹೋಗಿ
ಏನೂ ಇಲ್ಲದ ಕಡೆ ನಿಂತಿತು.
ಆ ಖಾಲಿಗೆ ಫೋಲ್ಡರನ್ನು ಎಳೆದು ತಂದೆ.
ಆಮೇಲೆ ಮದುವೆ. ರಾತ್ರಿಶಾಲೆ. ಶನಿದೇವರು.
ಏಳೂ ಇಪ್ಪತ್ತರ ಕಲ್ಯಾಣ್ ಸ್ಲೋ ತಪ್ಪಿತು.

ಸಾಲಗಾರರ ಮನೆ ಮಾತ್ರ
ಕೈಗೂ ಗೊತ್ತಿಲ್ಲ.
ಅದನ್ನು ಅಣ್ಣ ತೆರೆದದ್ದನ್ನು
ನಾನು ನೋಡಿಯೇ ಇಲ್ಲ.