ಯುವ ಘಟಕ

ಪಕ್ಷದ ಯುವ ಘಟಕಕ್ಕೆ ನಾನೇ ಅಧ್ಯಕ್ಷ.
ವಯಸ್ಸು ಐವತ್ತೆಂಟು, ಮಂಡಿ ನೋವು, ಎರಡು ಹಲ್ಲು ಕಟ್ಟಿಸಿದ್ದು.
ನಲವತ್ತೈದರ ಮಿತಿಯನ್ನು ಐವತ್ತಕ್ಕೆ ಏರಿಸಿದರು, ಆಮೇಲೆ ಅರವತ್ತಕ್ಕೆ,
ನನಗಾಗಿಯೇ ಇರಬೇಕು, ಬೇರೆ ಯಾರೂ ಬರಲಿಲ್ಲ.
ಒಕುನಾರಿಯ ಅಜ್ಜಿಯರಿಗೆ ನಾನಿನ್ನೂ ‘ಏ ಹುಡುಗಾ’.
ಹುಡುಗ ವ್ಯಾನಿನ ಬಾಗಿಲಿಗೆ ಪ್ಲಾಸ್ಟಿಕ್ ಸ್ಟೂಲು ಇಡುತ್ತಾನೆ,
ಊರುಗೋಲು ಈಸಿಕೊಂಡು ಸೀಟಿನಡಿ ಮಲಗಿಸುತ್ತಾನೆ.
ವ್ಯಾನು ಪುರಸಭೆಯದು, ಓಡಿಸುವವನು ಪಕ್ಷದವನು,
ಇದೇನೆಂದು ಕೇಳಬೇಕಾದವರೂ ಪಕ್ಷದವರೇ.

ಬೆಂಬಲಿಗರ ಪುಸ್ತಕ ನನ್ನ ಬಳಿ ಇದೆ.
ದೊಡ್ಡ ಸಾಹೇಬರ ಕಾಲಕ್ಕೆ ಅದರಲ್ಲಿ ಸಾವಿರದ ಇನ್ನೂರು ಹೆಸರು.
ಈಗ ಕೆಂಪು ಗೆರೆಗಳ ನಡುವೆ ಅಲ್ಲೊಂದು ಇಲ್ಲೊಂದು,
ಕೊಯ್ದ ಗದ್ದೆಯ ಕೂಳೆಯ ಹಾಗೆ.
ನೂರ ನಲವತ್ತೊಂದು.
ಅಲ್ಲ, ಮಂಗಳವಾರದಿಂದ ನೂರ ನಲವತ್ತು.

ಪಕ್ಷದ ಸಭೆಗೆ ಆರು ಜನ ಬಂದರೆ ಹೆಚ್ಚು,
ಸಾವಿನ ಮನೆಗೆ ಎಲ್ಲರೂ ಬರುತ್ತಾರೆ.
ಹಾಗಾಗಿ ಅಲ್ಲಿಯೇ ಕೆಲಸ ಮುಗಿಸುತ್ತೇನೆ,
ಧೂಪ ಹಾಕಿ, ತಲೆ ಬಾಗಿ, ಹೊರಗೆ ಚಪ್ಪಲಿ ಹುಡುಕುತ್ತಾ
ಪಕ್ಕದವರ ಕಿವಿಯಲ್ಲಿ: ಭಾನುವಾರ, ಹತ್ತಕ್ಕೆ ವ್ಯಾನು.
‘ಬದುಕಿದ್ದರೆ ಬರ್ತೀನಪ್ಪ.’
ಬೇರೆ ಕಡೆ ಇದು ಬರೀ ಮಾತು. ಇಲ್ಲಿ ಲೆಕ್ಕ.

ಮತಗಟ್ಟೆ ಹಳೆಯ ಪ್ರಾಥಮಿಕ ಶಾಲೆ.
ಮುಚ್ಚಿ ಒಂಬತ್ತು ವರ್ಷ. ನಲ್ಲಿಗಳು ಮೊಣಕಾಲೆತ್ತರಕ್ಕೆ.
ಮುಚ್ಚಲು ಕೈ ಎತ್ತಿದ್ದು ನಮ್ಮವರೇ,
ಆ ದುಡ್ಡಿನಲ್ಲಿ ಡಯಾಲಿಸಿಸ್ ಬಸ್ಸು ಬಂತು.
ತಪ್ಪೆನ್ನಲಾರೆ, ನನ್ನಮ್ಮ ಅದೇ ಬಸ್ಸಿನಲ್ಲಿ
ಕಿಟಕಿ ಪಕ್ಕದ ಸೀಟು ಹಿಡಿದು ನಾಲ್ಕು ವರ್ಷ ಬದುಕಿದಳು.
ಟೋಕಿಯೋದಿಂದ ಬಂದವನೊಬ್ಬ ಗಡಿಯಾರ ನೋಡುತ್ತಾ
‘ನಿಮ್ಮ ಕ್ಷೇತ್ರ ಭದ್ರ’ ಎಂದು ಬೆನ್ನು ತಟ್ಟಿ ಹೋದ.

ನಮ್ಮಲ್ಲಿ ಗುಂಡಿಯಿಲ್ಲ, ಮುದ್ರೆಯಿಲ್ಲ,
ಹೆಸರನ್ನು ಪೆನ್ಸಿಲಿನಲ್ಲಿ ಬರೆಯಬೇಕು.
ಅದಕ್ಕೇ ಚಿಕ್ಕ ಸಾಹೇಬರ ಪೋಸ್ಟರಿನಲ್ಲಿ
ಹೆಸರು ಮಕ್ಕಳ ಅಕ್ಷರದಲ್ಲಿ, ನಡುಗುವ ಕೈಗೂ ಸಲೀಸಾಗಲೆಂದು.
ಚಿಕ್ಕ ಸಾಹೇಬರಿಗೆ ಅರವತ್ತೊಂಬತ್ತು.

ವಾಪಸು ಬರುವಾಗ ತೊಮೆ ಅಜ್ಜಿ ಬಾಯಿಬಿಟ್ಟಳು.
ತೊಮೆ ಅಂದರೆ ನಿಲ್ಲಿಸು, ಇನ್ನು ಮಕ್ಕಳು ಸಾಕೆಂದು
ಒಂಬತ್ತನೆಯವಳಿಗೆ ಅಪ್ಪ ಇಟ್ಟ ಹೆಸರು.
ಎಂಟೂ ಜನ ಹೋದರು, ಇವಳಿಗೆ ತೊಂಬತ್ತನಾಲ್ಕು.
‘ಬರೆದೆ ಹುಡುಗಾ, ದೊಡ್ಡ ಸಾಹೇಬರ ಹೆಸರು,
ಪೂರ್ತಿ, ಒಂದಕ್ಷರ ತಪ್ಪಿಲ್ಲದೆ.’
ಅವರು ತೀರಿ ಹದಿನಾಲ್ಕು ವರ್ಷ, ಅಜ್ಜಿ.
‘ಗೊತ್ತಿಲ್ಲವೇ ನನಗೆ? ಬೂದಿಯ ಮುಂದೆ ಅತ್ತವಳು ನಾನು.
ಹೊಳೆಗೆ ಸೇತುವೆ ಕಟ್ಟಿಸಿದ್ದು ಅವರು.
ಮಗ ಏನು ಕಟ್ಟಿದ, ಕೊರಳಿಗೆ ಟೈ ಬಿಟ್ಟು?’
ಹಿಂದಿನ ಸೀಟಿನಿಂದ ಕಿನುಯೊ: ‘ನಾನೂ ಅವರಿಗೇ.’
ಇಸಾಮು ಕೆಮ್ಮಿದ. ಕಿಟಕಿಯಾಚೆ ನೋಡಿದ.

ಪ್ರತಿ ಸಲ ಎಣಿಕೆಯಲ್ಲಿ
ಅಸಿಂಧು ಮತಗಳ ಕಟ್ಟು ದಪ್ಪವಾಗುತ್ತಿತ್ತು.
ಕಣ್ಣು ಮಂಜಾಗಿ ತಪ್ಪುತ್ತಾರೆ ಅಂದುಕೊಂಡಿದ್ದೆ,
ಕನ್ನಡಕದಂಗಡಿಯವನನ್ನು ಊರಿಗೆ ಕರೆಸಿಯೂ ಇದ್ದೆ.

ನಮ್ಮ ಮತಪತ್ರದ ಕಾಗದ ವಿಚಿತ್ರ.
ಎಷ್ಟು ಮಡಚಿ ಹಾಕಿದರೂ ಪೆಟ್ಟಿಗೆಯೊಳಗೆ
ತಾನೇ ಬಿಚ್ಚಿಕೊಳ್ಳುತ್ತದೆ.
ಈ ಹೊತ್ತಿಗೆ ಕತ್ತಲಲ್ಲಿ ಒಂದೊಂದಾಗಿ
ಸತ್ತವನ ಹೆಸರು ಮೈಮುರಿಯುತ್ತಿರಬೇಕು.

ಅದೇ ಸೇತುವೆ ಬಂತು. ಗೇರು ಇಳಿಸಿದೆ.
ತಿದ್ದಬೇಕಿತ್ತೇನೋ. ಯುವ ಘಟಕಕ್ಕೆ ಅದೊಂದಾದರೂ ಕೆಲಸ.
ಕೆಳಗೆ ನೀರು ಕಡಿಮೆಯಿತ್ತು,
ಈಗ ಮಗುವೂ ದಾಟಬಹುದು, ಮಗು ಇದ್ದರೆ.

ಸ್ಟೂಲು ಇಟ್ಟೆ. ಅಜ್ಜಿ ನನ್ನ ಭುಜ ಹಿಡಿದು ಇಳಿದಳು.
‘ಮುಂದಿನ ಸಲವೂ ನೀನೇ ಬಾ, ಹುಡುಗಾ.’
ನಾಲ್ಕು ವರ್ಷಕ್ಕೆ ನನಗೆ ಅರವತ್ತೆರಡು.
ಮಿತಿಯನ್ನು ಮತ್ತೆ ಏರಿಸಬೇಕಾದೀತು.