ಅರ್ಧ ಕೊಳೆ

ಭಾನುವಾರ. ಹತ್ತಕ್ಕೆ ಕರೆಂಟು ಹೋಗುತ್ತದೆ.
ಅಷ್ಟರೊಳಗೆ ಮುಗಿಸಬೇಕು.

ಮೊದಲು ಪ್ಲಗ್ಗು ಕೀಳುವುದು. ಇದು ಶಿವನಂಜಿಯ ಕಟ್ಟಪ್ಪಣೆ,
ಒದ್ದೆ ಕೈಯಲ್ಲಿ ಒಮ್ಮೆ ನಾನು ಕುಣಿದದ್ದನ್ನು ಕಂಡವಳು.
ಗುಂಯ್ ಅನ್ನುವುದು ನಿಂತ ಮೇಲೇ ಗೊತ್ತಾಗುವುದು
ಮನೆಯಲ್ಲಿ ಅಂಥದೊಂದು ಸದ್ದು ಇತ್ತು ಅಂತ.
ಮೀನುಗಳಿಗೂ ಗೊತ್ತಾಗುತ್ತದೆ.
ಗಾಜಿನ ಹತ್ತಿರ ಗುಂಪಾಗಿ ಬಂದು
ಬಾಯಿ ತೆರೆದು, ಮುಚ್ಚಿ, ಏನೋ ಕೇಳುತ್ತವೆ,
ಸೊಸೈಟಿ ಬಾಗಿಲಲ್ಲಿ ಅಕ್ಕಿ ಬಂತಾ ಅಂತ ಕೇಳುವವರ ಹಾಗೆ.

ಇಪ್ಪತ್ತೆರಡು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ
ಫಿಲ್ಟರ್ ಬಟ್ಟೆ ಒಗೆದವನು ನಾನು.
ಕಬ್ಬಿನ ರಸ ಸುಣ್ಣ ಕುಡಿದು, ಗಂಧಕದ ಹೊಗೆ ಕುಡಿದು,
ಮಡ್ಡಿಯೆಲ್ಲ ಬಟ್ಟೆಗೆ ಬಿಟ್ಟು
ಎಳ್ಳೆಣ್ಣೆಯ ಬಣ್ಣದಲ್ಲಿ ಆಚೆ ಇಳಿಯುತ್ತಿತ್ತು.
ಮಂಡಿಮಟ್ಟ ಬೂಟು, ಸೋಡಾಪುಡಿ, ಕುದಿಯುವ ನೀರು.
ಬಟ್ಟೆ ಬೆಳ್ಳಗಾಗದೆ ಮೇಸ್ತ್ರಿ ಸಹಿ ಹಾಕುತ್ತಿರಲಿಲ್ಲ.
ಈ ಕೈ ಕಲಿತದ್ದು ಅದೊಂದೇ.

ಹಾಗಾಗಿ ಮೊದಲ ಸಲ,
ಇಂಚರ ಸ್ಕೂಲಿಗೆ ಹೋಗಿದ್ದಾಗ,
ರಾಗಿಮುದ್ದೆಯ ಹಾಗೆ ಕಪ್ಪಿಟ್ಟಿದ್ದ ಸ್ಪಂಜನ್ನು ಕಿತ್ತು
ನಲ್ಲಿ ಕೆಳಗೆ ಹಿಡಿದೆ, ಬಿಸಿನೀರು ಹುಯ್ದೆ,
ಬ್ಲೀಚಿಂಗ್ ಪುಡಿ ಉದುರಿಸಿ ತಿಕ್ಕಿದೆ.
ಅಂಗಡಿಯಿಂದ ತಂದ ದಿನದ ನೀಲಿ ಬಂತು.
ಶಿವನಂಜಿಯನ್ನು ಕರೆದು ತೋರಿಸಿದೆ.
ಏನು ಜಂಬ!

ಮೂರನೇ ದಿನ ನೀರು ಅಕ್ಕಿ ತೊಳೆದ ಕಲಗಚ್ಚು.
ಐದನೇ ದಿನ ಬೆಳಗ್ಗೆ ಆ ಕರಿಮೀನು,
ಕೋಟು ಹಾಕಿದಂತಿದೆ ಅಂತ ಅವಳು ಲಾಯರ್ ಎಂದು ಹೆಸರಿಟ್ಟಿದ್ದು,
ಮಗ್ಗುಲಾಗಿ ತೇಲಿತು.
ಸಂಜೆಗೆ ಇನ್ನೆರಡು.
ಇಂಚರ ಅಳಲಿಲ್ಲ. ಟೀ ಸೋಸುವ ಜರಡಿಯಲ್ಲಿ ಎತ್ತಿ
ಹಿತ್ತಲ ಕರಿಬೇವಿನ ಬುಡದಲ್ಲಿ ಹೂತಳು.
ಒಂದು ವಾರ ನನ್ನ ಕೈಯಿಂದ ನೀರಿನ ಲೋಟವನ್ನೂ ಇಸಿದುಕೊಳ್ಳಲಿಲ್ಲ.

ಗುತ್ತಲು ರಸ್ತೆಯ ಮುದಸ್ಸಿರ್, ಮೀನಿನಂಗಡಿಯವನು,
ಕಥೆಯೆಲ್ಲ ಕೇಳಿ ತಲೆ ಚಚ್ಚಿಕೊಂಡ:
"ಕೊಳೆ ಅಲ್ಲಣ್ಣ ಅದು. ಬಾಡಿಗೆಗೆ ಇದ್ದೋರು.
ಒಂದೊಂದು ತೂತಲ್ಲೂ ಒಂದೊಂದು ಸಂಸಾರ.
ಮೀನಿನ ವಿಷ ತಿಂದ್ಕೊಂಡು ಬದುಕೋ ಜನ.
ಒಂದೇ ದಿನಕ್ಕೆ ಎಲ್ಲಾರ್ನೂ ಖಾಲಿ ಮಾಡಿಸಿಬಿಟ್ರಲ್ಲ!
ನಲ್ಲಿ ನೀರಲ್ಲಿ ಔಷಧಿ ಇರ್ತದೆ, ಅವ್ರಿಗಾಗಲ್ಲ."

ಬಸ್ಸಿನಲ್ಲಿ ಕೂತು ನೆನೆದೆ.
ನಾನು ಒಗೆದು ಎಸೆದ ಮಡ್ಡಿ ಲಾರಿ ಲಾರಿ ಹೋಗಿ
ನಾಲೆ ಬಯಲಿನ ಗದ್ದೆಗೆ ಬಿದ್ದು
ಮತ್ತೆ ಕಬ್ಬಾಗಿ ನಮ್ಮ ಗೇಟಿಗೇ ಬಂದು ತೂಗಿಸಿಕೊಳ್ಳುತ್ತಿತ್ತು.
ಇಪ್ಪತ್ತೆರಡು ವರ್ಷ ನೋಡಿದ್ದೆ.
ನೋಡಿದ್ದೆ, ಅಷ್ಟೆ.

ಈಗ ತೊಟ್ಟಿಯದೇ ನೀರು, ಅರ್ಧ ಬಕೆಟ್ಟು.
ಪೈಪನ್ನು ಬಾಯಲ್ಲಿ ಎಳೆಯುವಾಗ
ಒಮ್ಮೊಮ್ಮೆ ಒಂದು ಗುಟುಕು ಒಳಗೂ ಹೋಗುತ್ತದೆ,
ಇಂಚರಳಿಗೆ ಅದೇ ಹಬ್ಬ.
ಸ್ಪಂಜನ್ನು ಎರಡು ಸಲ ಹಿಂಡುವುದು.
ಮೂರನೆಯದಕ್ಕೆ ಕೈ ತಾನೇ ಹೋಗುತ್ತದೆ,
"ಸಾಕಪ್ಪ," ಅನ್ನುತ್ತಾಳೆ, ಥೇಟ್ ಮೇಸ್ತ್ರಿಯ ದನಿ,
ಮಾತು ಮಾತ್ರ ತಿರುಗುಮುರುಗು.
ಪಿಂಗಾಣಿ ಬಳೆಗಳನ್ನು ಮುಟ್ಟುವ ಹಾಗಿಲ್ಲ.

ಮೋಟಾರಿನ ಪುಟ್ಟ ಚಕ್ರವನ್ನು ಹಳೇ ಬ್ರಷ್ಷಿನಲ್ಲಿ ಉಜ್ಜುವಾಗ
ಅಚ್ಚಿಗೆ ಸುತ್ತಿಕೊಂಡ ಒಂದು ಉದ್ದ ಕೂದಲು ಸಿಕ್ಕಿತು.
ಬಿಡಿಸಿದೆ. ಅರ್ಧ ಕಪ್ಪು, ಅರ್ಧ ನರೆ.
ಇಂಚರಳದು ಬಾಬ್ ಕಟ್ಟು.
"ಆ ಮೀನಿನ ಸಹವಾಸ ನನಗೆ ಬೇಡ್ರಪ್ಪ,"
ತಂದ ದಿನದಿಂದ ಇದೇ ಮಾತು ಶಿವನಂಜಿಯದು.
ಹಾಗಾದರೆ ನಾವಿಬ್ಬರೂ ಆಚೆ ಹೋದ ಮೇಲೆ
ಮುಚ್ಚಳ ತೆಗೆದು, ಇಷ್ಟು ಹತ್ತಿರ ಬಗ್ಗಿ,
ಏನು ಹೇಳುತ್ತಾಳೆ ಅವುಗಳಿಗೆ?

ಅವಳು ಅಡಿಗೆಮನೆಯಲ್ಲಿ ಅವರೆಕಾಳು ಸುಲಿಯುತ್ತಿದ್ದಳು.
ಕೇಳಲಿಲ್ಲ. ಕೂದಲನ್ನು ಬೆರಳಿಗೆ ಸುತ್ತಿ
ಜೇಬಿಗೆ ಹಾಕಿಕೊಂಡೆ.

ಕಂದು ನೀರು ಕರಿಬೇವಿಗೆ, ಲಾಯರಿನ ತಲೆ ಮೇಲೆ.
ಹತ್ತಕ್ಕೆ ಐದು ನಿಮಿಷ ಇತ್ತು. ಪ್ಲಗ್ಗು ಹಾಕಿದೆ.
ಎರಡು ಸಲ ಕೆಮ್ಮಿ, ಗುಳ್ಳೆ ಉಗಿದು,
ಗುಂಯ್ ಅಂದಿತು.
ಐದು ನಿಮಿಷ ಮೂವರೂ ಕೇಳಿದೆವು.
ಒಬ್ಬಳು ಮಾತ್ರ ಕೇಳದವಳ ಹಾಗೆ.